ಸ್ಟೀಲಿಗೆ ತುಕ್ಕು

ಮಾರ್ಚ್ 4, ಬೆಳಿಗ್ಗೆ 11

ಶೂಟಿಂಗ್ ಕ್ಲಬ್ಬಿನ ಕೋಚ್ ಮೇಡಂ ರಿವಾಲ್ವರ್ ಬೆಂಚಿಗೆ ಬಂತು. ಗುಂಡಿಲ್ಲ — ನಾನು ಎರಡು ಸಲ ನೋಡಿದೆ, ಅಪ್ಪ ಮೂರನೇ ಸಲ ಬೆರಳು ಹಾಕಿ ನೋಡಿದ. ಕಣ್ಣಿಗೆ ಪೊರೆ ಬಂದ ಮೇಲೆ ಅವನ ನೋಟವೆಲ್ಲ ಬೆರಳಿಗೆ ಇಳಿದಿದೆ. ಹದಿನೈದು ವರ್ಷ ಕ್ಲಬ್ಬಿನಲ್ಲಿ ದುಡಿದ ಸ್ಟೇನ್‌ಲೆಸ್ ರಿವಾಲ್ವರ್. ಚರ್ಮದ ಚೀಲಕ್ಕೆ ತಿಕ್ಕಿ ತಿಕ್ಕಿ ನಳಿಗೆಯ ಎರಡೂ ಕಡೆ ಗೀರು. ಹಿಡಿಯ ಹತ್ತಿರ ಸವೆದು ಹೊಳಪು, ಉಳಿದ ಕಡೆ ಮಂಕು.

ಈ ಕೆಲಸವೇ ನನ್ನ ಪರೀಕ್ಷೆ. ಅಪ್ಪನ ಹೆಸರಿನ ರಿಪೇರಿ ಲೈಸೆನ್ಸ್ 31ಕ್ಕೆ ಮುಗಿಯುತ್ತದೆ. ನನ್ನ ಹೆಸರಿಗೆ ಆಗಬೇಕಾದರೆ ನಾನೊಬ್ಬಳೇ ಮಾಡಿದ ಒಂದು ಕೆಲಸವನ್ನು ಲೈಸೆನ್ಸ್ ಕಚೇರಿಯ ಸಾಹೇಬರಿಗೆ ತೋರಿಸಬೇಕು. ಆಗದಿದ್ದರೆ ಅಂಗಡಿಗೆ ಬೀಗ. ಚಿಕ್ಕಪ್ಪ ಅಲ್ಲಿ ಜೆರಾಕ್ಸ್ ಮಷೀನ್ ಇಡುವುದಕ್ಕೆ ಆಗಲೇ ಅಳತೆ ತೆಗೆದುಕೊಂಡು ಹೋಗಿದ್ದಾರೆ. "ಹೆಣ್ಣುಮಕ್ಕಳಿಗೆ ಯಾಕಮ್ಮ ಈ ಉಸಾಬರಿ" ಅಂದರು, ಟೇಪ್ ಸುತ್ತುತ್ತಾ.

ಮಾಡೇ ಮಾಡುತ್ತೇನೆ.

ಮಾರ್ಚ್ 6

ನಂಬರಿನ ಮೇಲೆ ಟೇಪ್ ಅಂಟಿಸಿದೆ. ನಂಬರ್ ಮಾಸಿದ ಬಂದೂಕು ಕಳ್ಳಮಾಲಿಗೆ ಸಮ. ನಾನೂರು ನಂಬರಿನ ಉಜ್ಜುವ ಪೇಪರ್, ಆಮೇಲೆ ಆರುನೂರು, ಕೊನೆಗೆ ಬಿಳಿ ಬ್ರಷ್. ನಮ್ಮಲ್ಲಿ ಬ್ರಷ್ ಎರಡು. ಕಪ್ಪು ಬಂದೂಕಿಗೆ ಕಬ್ಬಿಣದ ತಂತಿಯದು, ಸ್ಟೀಲಿನದಕ್ಕೆ ಸ್ಟೀಲ್ ತಂತಿಯದು. ಕರಿ, ಬಿಳಿ ಅನ್ನುತ್ತೇವೆ. ಅದಲುಬದಲು ಆಗುವ ಹಾಗಿಲ್ಲ. ಉಜ್ಜುವುದು ಒಂದೇ ದಿಕ್ಕಿಗೆ, ನಳಿಗೆಯ ತುದಿಯಿಂದ ಹಿಡಿಯ ಕಡೆಗೆ. ಕೈ ಒಂದು ಸಲ ಅಡ್ಡ ಹೋದರೆ ಮತ್ತೆ ಮೊದಲಿಂದ.

ನಾಲ್ಕು ಗಂಟೆ ಹಿಡಿಯಿತು. ಭುಜ ಬಿದ್ದುಹೋಗಿದೆ. ಎಣ್ಣೆ ಹಚ್ಚಿ ಒರೆಸಿ ಅಪ್ಪನ ಕೈಗೆ ಕೊಟ್ಟೆ. ಉಗುರಿನಲ್ಲಿ ಉದ್ದಕ್ಕೂ ಎಳೆದು ನೋಡಿದ. "ಪರವಾಗಿಲ್ಲ" ಅಂದ. ಅಪ್ಪನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ತುಂಬಾ ಖುಷಿಯಾಯಿತು.

ಮಾರ್ಚ್ 7

ಸಾಹೇಬರು ಕನ್ನಡಕ ಹಣೆಗೇರಿಸಿ ನೋಡಿದರು. "ಹೊಸದರ ಹಾಗೇ ಇದೆಯಲ್ಲಮ್ಮ." ಆದರೆ ಸಹಿ ಇಲ್ಲ. ಮೂರು ವಾರ ಮೇಡಂ ಬಳಸಲಿ, 28ಕ್ಕೆ ಮತ್ತೆ ತನ್ನಿ, ಹೀಗೇ ಇದ್ದರೆ ಹಾಕುತ್ತೇನೆ ಅಂದರು. ತಲೆಯಾಡಿಸಿದೆ. ಒಳಗೊಳಗೇ ನಗು — ಸ್ಟೀಲು, ಅದಕ್ಕೆ ಮೂರು ವಾರದಲ್ಲಿ ಏನಾಗುತ್ತದೆ…

ಮಾರ್ಚ್ 21, ಮಧ್ಯಾಹ್ನ

ತುಕ್ಕು.

ಮೇಡಂ ರಿವಾಲ್ವರ್ ತಂದು ಬೆಂಚಿನ ಮೇಲಿಟ್ಟರು. ನಳಿಗೆ ತುಂಬ ಗುಂಡುಸೂಜಿ ಮೊನೆಯಷ್ಟು ಕೆಂಚು ಚುಕ್ಕಿ. ನನಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ಕೈ ಬೆವರು ಮೇಡಂ, ಒರೆಸದೆ ಚೀಲಕ್ಕೆ ಹಾಕಿದ್ದೀರಿ ಅಂತ ಅವರ ಮೇಲೇ ಹಾಕಿದೆ.

"ಹದಿನೈದು ವರ್ಷದಿಂದ ಇದೇ ಬೆವರು ಇದರ ಮೇಲೆ ಬಿದ್ದಿದೆ" ಅಂದರು. "ಈಗ ಸಿಟ್ಟು ಬಂತಾ ಅದಕ್ಕೆ?"

ಬಿಟ್ಟು ಹೋದರು. ಇನ್ನು ಏಳೇ ದಿನ.

ಮಾರ್ಚ್ 22

ಬೆಳಿಗ್ಗೆಯಿಂದ ಹುಡುಕಿದೆ. ಎಣ್ಣೆ ಸರಿ ಇದೆ, ಪೇಪರ್ ಸರಿ ಇದೆ. ಅಪ್ಪ ಮೂಲೆಯ ಸ್ಟೂಲಿನಿಂದ ಕೇಳಿದ.

"ಬಿಳಿ ಬ್ರಷ್ ಎಲ್ಲಿ ತೊಳೀತೀಯ?"

"ಸೀಮೆಎಣ್ಣೇಲಿ."

"ಯಾವ ಡಬ್ಬೀಲಿ?"

ಬೆಂಚಿನ ಮೇಲಿದ್ದದ್ದು ಒಂದೇ ಡಬ್ಬಿ. ಅಪ್ಪನ ಕಾಲದಲ್ಲಿ ಡಬ್ಬಿ ಎರಡಿದ್ದವು. ಜನವರಿಯಲ್ಲಿ ಬೆಂಚು ಓರಣ ಮಾಡುವಾಗ, ಎರಡು ಯಾಕೆ, ಜಾಗ ದಂಡ ಅಂತ ಒಂದನ್ನು ನಾನೇ ತೆಗೆದೆ. ಅಮ್ಮ ಅದರಲ್ಲಿ ಬಟ್ಟೆ ಕ್ಲಿಪ್ ಇಟ್ಟುಕೊಂಡಿದ್ದಾಳೆ. ಅಪ್ಪ ದಾರಕ್ಕೆ ಅಯಸ್ಕಾಂತ ಕಟ್ಟಿ ಉಳಿದ ಡಬ್ಬಿಗೆ ಇಳಿಬಿಟ್ಟ. ಕರಿ ಗಡ್ಡ ಬಿಟ್ಟುಕೊಂಡು ಮೇಲೆ ಬಂತು. ಎಲ್ಲ ಕಬ್ಬಿಣದ ಪುಡಿ. ಕರಿ ಬ್ರಷ್ ಉದುರಿಸಿದ್ದನ್ನು ಬಿಳಿ ಬ್ರಷ್ ಹೊತ್ತುಕೊಂಡು ಹೋಗಿ ಸ್ಟೀಲಿನೊಳಗೆ ಒತ್ತಿದೆ. ತುಕ್ಕು ಹಿಡಿದದ್ದು ಆ ಪುಡಿಗೆ. ಬ್ರಷ್ ಬೆರೆಸಬಾರದು ಅಂತ ಅಷ್ಟು ಜೋಪಾನ ಮಾಡಿ, ಎರಡಕ್ಕೂ ಒಂದೇ ನೀರಲ್ಲಿ ಸ್ನಾನ ಮಾಡಿಸಿದ್ದೇನೆ. ಬುದ್ಧಿವಂತೆ.

ಮೇಡಂಗೆ ಫೋನ್ ಮಾಡಿ ತಪ್ಪು ನನ್ನದು ಅಂದೆ. "ಬೆವರಿಗೆ ಹೇಳ್ತೀನಿ ಬಿಡಿ" ಅಂದರು.

ಮಾರ್ಚ್ 23

ಬಿಸಿನೀರಿಗೆ ನಿಂಬೆಉಪ್ಪು ಕರಗಿಸಿ ಬಿಡಿಭಾಗಗಳನ್ನು ನೆನೆಹಾಕಿದೆ. ಅದು ಪುಡಿಯನ್ನು ತಿನ್ನುತ್ತದೆ, ಸ್ಟೀಲನ್ನು ಮುಟ್ಟುವುದಿಲ್ಲ. ಅಮ್ಮನ ದೊಡ್ಡ ಪಾತ್ರೆಯೇ ಬೇಕಾಯಿತು. "ಇನ್ಮೇಲೆ ಅದರಲ್ಲಿ ನಾನು ಅಡುಗೆ ಮಾಡಲ್ಲ, ನೀನೇ ಪಿಸ್ತೂಲು ಬೇಯಿಸ್ಕೋ" ಅಂದಳು. ತೊಳೆದು, ಒಣಗಿಸಿ, ಹೊಸ ಬ್ರಷ್ಷಿನಿಂದ ಮತ್ತೆ ಒಂದೇ ದಿಕ್ಕಿಗೆ ನಾಲ್ಕು ಗಂಟೆ. ಎಣ್ಣೆ, ಅದರ ಮೇಲೆ ತೆಳುವಾಗಿ ಮೇಣ. ಈಗ ನಿಜವಾಗಿಯೂ ಚೆನ್ನಾಗಿದೆ. ಸಾಹೇಬರಿಗೆ ಏನೂ ಗೊತ್ತಾಗುವುದಿಲ್ಲ.

ಆದರೆ ಜನವರಿಯಿಂದ ಆ ಬ್ರಷ್ಷಿನಲ್ಲೇ ಉಜ್ಜಿ ಕೊಟ್ಟ ಸ್ಟೀಲಿನವು ಒಟ್ಟು ಏಳು. ಮೇಡಂದು ಬಿಟ್ಟರೆ ಇನ್ನು ಆರು ಮನೆಗಳಲ್ಲಿ…

ಮಾರ್ಚ್ 24

ಇವತ್ತೇ ಆರೂ ಜನಕ್ಕೆ ಹೇಳುತ್ತೇನೆ ಅಂದೆ. ಅಪ್ಪ ಹೌದು ಅನ್ನುತ್ತಾನೆ ಅಂದುಕೊಂಡಿದ್ದೆ.

"ನಾಲ್ಕು ದಿನ ತಡಿ. ಸಹಿ ಆಗಲಿ. ಆಮೇಲೆ ಸರ್ವಿಸ್ ಅಂತ ಒಬ್ಬೊಬ್ಬರನ್ನೇ ಕರಿ."

"ಚುಕ್ಕಿ ತಡೆಯುತ್ತಾ ಅಪ್ಪ? ಒಳಗೆ ಗುಳಿ ಬಿದ್ದರೆ ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ ಅಂತ ಹೇಳಿಕೊಟ್ಟಿದ್ದು ನೀನೇ."

"ಒಬ್ಬ ಬಾಯಿಬಿಟ್ರೂ ಸಾಹೇಬರ ಕಿವಿಗೆ ಹೋಗುತ್ತೆ. ಬಾಗಿಲು ಹಾಕಿದ ಮೇಲೆ ಸತ್ಯ ಇಟ್ಕೊಂಡು ಏನ್ ಮಾಡ್ತೀಯ ನೀನು?"

ಇದೇ ಮಾತು ಚಿಕ್ಕಪ್ಪ ಅಂದಿದ್ದರೆ ಜಗಳಕ್ಕೆ ಬೀಳುತ್ತಿದ್ದೆ. ಅಪ್ಪ ಅಂದದ್ದಕ್ಕೆ ಅಳು ಬಂತು. ನಲವತ್ತು ವರ್ಷದ ಬೆಂಚು, ಅವನ ಭಯ ಅರ್ಥವಾಗುತ್ತದೆ. ಆದರೂ ಮನಸ್ಸು ಒಪ್ಪಲಿಲ್ಲ. ಊಟ ಮಾಡುವಾಗ ಇಬ್ಬರೂ ಗೋಡೆ ನೋಡಿಕೊಂಡು ಉಂಡೆವು.

ಮಾರ್ಚ್ 25

ಆರೂ ಫೋನ್ ಮಾಡಿದೆ. ಸುತ್ತಿಬಳಸದೆ — ತಪ್ಪು ನನ್ನದು, ತಂದುಕೊಡಿ, ಸರಿ ಮಾಡಿಕೊಡುತ್ತೇನೆ. ಬ್ಯಾಂಕಿನ ಗಾರ್ಡ್ ನಕ್ಕರು, ಇಂಥದ್ದನ್ನೂ ಫೋನ್ ಮಾಡಿ ಹೇಳ್ತಾರಾ ಅಂತ. ಮಾಜಿ ಮಿಲಿಟರಿಯವರು ಹತ್ತು ನಿಮಿಷ ನೀರಿಳಿಸಿದರು. ಸಾಹೇಬರಿಗೆ ತಿಳಿಸುತ್ತೇನೆ ಅಂದರು. "ನಾನೇ ಬರೆದುಕೊಡ್ತಿದೀನಿ ಸರ್" ಅಂದೆ. ಆ ಕ್ಷಣದವರೆಗೆ ಅದು ನನಗೂ ಗೊತ್ತಿರಲಿಲ್ಲ. ಫೋನಿಟ್ಟು ಬರೆಯಲು ಕೂತೆ. ಏಳು ನಂಬರ್, ತಾರೀಖು, ಏನು ತಪ್ಪಾಯಿತು, ಏನು ಮಾಡುತ್ತಿದ್ದೇನೆ. ಒಂದೂವರೆ ಪುಟ.

ಮಾರ್ಚ್ 27

ಆರರಲ್ಲಿ ನಾಲ್ಕು ಬಂದವು. ನಾಲ್ಕರಲ್ಲೂ ಚುಕ್ಕಿ. ನಿನ್ನೆಯಿಂದ ಪಾತ್ರೆ, ಬ್ರಷ್, ಎಣ್ಣೆ. ಅಪ್ಪ ಮೂರು ದಿನದಿಂದ ಮಾತಾಡಿಲ್ಲ. ಮಧ್ಯಾಹ್ನ ತಾನಾಗಿ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ. ಮುಗಿದ ಒಂದೊಂದನ್ನೂ ಉಗುರಿನಲ್ಲಿ ನೋಡಿದ. ಮೂರನೆಯದನ್ನು ವಾಪಸ್ ಚಾಚಿದ. "ಇಲ್ಲಿ ಇನ್ನೂ ಇದೆ."

ನಿಜವಾಗಿಯೂ ಇತ್ತು.

ಮಾರ್ಚ್ 28, 10:40

ಲೈಸೆನ್ಸ್ ಕಚೇರಿ ವರಾಂಡ. ಅಪ್ಪನೂ ಬಂದಿದ್ದಾನೆ, ಇಸ್ತ್ರಿ ಅಂಗಿ ಹಾಕಿಕೊಂಡು. ಯಾಕೆ ಅಂತ ಕೇಳಲಿಲ್ಲ. ರಿವಾಲ್ವರ್, ಪತ್ರ ಎರಡೂ ಒಳಗೆ ಹೋಗಿ ಅರ್ಧ ಗಂಟೆಯಾಯಿತು. ಅಂಗೈ ಬೆವರುತ್ತಿದೆ. ಸಹಿ ಸಿಗದಿದ್ದರೆ ಮತ್ತೆ ಅರ್ಜಿ ಹಾಕುತ್ತೇನೆ, ಅದೂ ಆಗದಿದ್ದರೆ ಇನ್ನೊಮ್ಮೆ.

ಜವಾನ ಬಾಗಿಲಲ್ಲಿ ನಿಂತು ಕೂಗಿದ, "ಬಂದೂಕು ರಿಪೇರಿ ಅಂಗಡಿಯವರು ಯಾರು?"

ನಲವತ್ತು ವರ್ಷ ಈ ಕೂಗಿಗೆ ಎದ್ದವನು ಅಪ್ಪ. ಅವನು ಏಳಲಿ ಅಂತ ದಾರಿ ಬಿಟ್ಟು ಕಾಲು ಮಡಚಿಕೊಂಡೆ. ಏಳಲಿಲ್ಲ. ಮೊಣಕೈಯಲ್ಲಿ ತಿವಿದ.

"ಅಂಗಡಿಯವರನ್ನ ಕರೀತಿದಾರೆ. ಬರೆದಿದ್ದು ಸಾಕು, ಏಳು."

ಏಳುತ್ತಿದ್ದೇ—