ಪೈಲ್ವಾನರ ಬೆಳಗಿನ ಮೊಟ್ಟೆ

3-7-1978, ಸೋಮವಾರ. ನ್ಯಾಮತಿ

ಸಂಜೆಗೇ ಆರು ಮೊಟ್ಟೆ ಬೇಯಿಸಿದೆ. ತಣ್ಣೀರಿನಲ್ಲೇ ಹಾಕಿ ಒಲೆಗಿಡಬೇಕು. ಒಂದು ಚಿಟಿಕೆ ಉಪ್ಪು ಬೀಳಬೇಕು, ಆಗ ಒಡೆಯುವುದಿಲ್ಲ. ಇಳಿಸಿ ಬಾವಿ ನೀರಿಗೆ ಬಿಟ್ಟರೆ ಸಿಪ್ಪೆ ತಾನಾಗಿ ಕಳಚುತ್ತದೆ. ದಾರ ಎಳೆದು ಎರಡು ಹೋಳು. ಹಳದಿ ತೆಗೆದು ಉಪ್ಪು, ಮೆಣಸಿನ ಪುಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಕಿವುಚಿ, ಮತ್ತೆ ಹೋಳಿಗೆ ತುಂಬಿ ಟಿಫನ್ ಕ್ಯಾರಿಯರ್‌ಗೆ. ಕ್ಯಾರಿಯರ್ ಹಸಿ ಮರಳಿನ ಮೇಲೆ, ಮೇಲೊಂದು ಒದ್ದೆ ಬಟ್ಟೆ. ಬೆಳಿಗ್ಗೆಯವರೆಗೆ ಏನೂ ಆಗುವುದಿಲ್ಲ.

ಇವರು ಕೋಳಿ ಕೂಗುವ ಮೊದಲೇ ಗರಡಿಗೆ ಹೋಗುತ್ತಾರೆ. ಸಾಮು ಮುಗಿಸಿ, ಅಲ್ಲೇ ಮಬ್ಬಿನಲ್ಲಿ ಕೂತು ತಿಂದು, ಹಾಗೇ ರೈಸ್ ಮಿಲ್ಲಿಗೆ ಹಮಾಲಿಗೆ. ನಡುವೆ ಮನೆಗೆ ಬರಲು ಪುರಸೊತ್ತಿಲ್ಲ. ಮೊದಲೆಲ್ಲ ನಾನು ಬೆಳಿಗ್ಗೆಯೇ ಎದ್ದು ಮಾಡಿಕೊಡುತ್ತಿದ್ದೆ. ಒಂದು ದಿನ ಸೌದೆ ಹಸಿ, ಮನೆ ತುಂಬ ಹೊಗೆ, ತಡವಾಯಿತು. ಊದುಗೊಳವೆ ಕಿತ್ತುಕೊಂಡು ಅದರಲ್ಲೇ ಬಾರಿಸಿದರು. ಎಡ ಹುಬ್ಬಿನ ಮೇಲೆ ಗುರುತು ಇನ್ನೂ ಇದೆ. ಅವತ್ತಿನಿಂದ ಹಿಂದಿನ ಸಂಜೆಯೇ ಮಾಡಿಡುವುದು.

ಇವತ್ತೂ ಬಿತ್ತು. ನಿನ್ನೆಯದರಲ್ಲಿ ಉಪ್ಪು ಕಡಿಮೆಯಂತೆ. ಕೆನ್ನೆಗೆ ಎರಡು, ಬೆನ್ನಿಗೆ ಲೆಕ್ಕವಿಲ್ಲ.

ಪೈಲ್ವಾನ್ ಜಂಪಣ್ಣ ಅಂದರೆ ಹೊನ್ನಾಳಿ ತಾಲ್ಲೂಕಿಗೆಲ್ಲ ಗೊತ್ತು. ಜಂಪಣ್ಣನ ಹೆಂಡತಿ ಸಾವಂತ್ರಮ್ಮ ಅಂದರೆ ಯಾರಿಗೂ ಗೊತ್ತಿಲ್ಲ. ನಾನು ಬೇಯಿಸುತ್ತೇನೆ, ಅದು ಆ ತೋಳಿಗೆ ಹೋಗುತ್ತದೆ, ಆ ತೋಳು ನನ್ನ ಮೇಲೆ ಬೀಳುತ್ತದೆ. ಚೆನ್ನಾಗಿದೆ ವ್ಯವಸ್ಥೆ!

11-7-1978

ನರ್ಸ್ ಶಂಕರಮ್ಮ ಬಂದಿದ್ದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮೂರು ತಿಂಗಳು, ಅಂದರು.

“ಮೈಯಾಗೆ ರಕ್ತನೇ ಇಲ್ಲವಲ್ಲಮ್ಮ. ದಿನಕ್ಕೊಂದು ಮೊಟ್ಟೆ ತಿನ್ನು. ಹೋದ ಸಲದಂಗೆ ಆಗಬಾರದು ನೋಡು.”

ಹೋದ ಸಲ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿದ್ದೆ. ಅವರು ನಂಬಲಿಲ್ಲ, ನಾನೂ ಬಲವಂತ ಮಾಡಲಿಲ್ಲ. ಐದು ತಿಂಗಳಾಗಿತ್ತು. ಅಂಗಿಗೆ ಗುಂಡಿ ಹಾಕಿರಲಿಲ್ಲ ಎಂದು ಇವರು ಒದ್ದಿದ್ದರು. ಒಂದೇ ಒದೆ. ಗಂಡುಮಗುವಾಗಿತ್ತು.

ಸಂಜೆ ಧೈರ್ಯ ಮಾಡಿ ಇವರನ್ನು ಕೇಳಿದೆ, ಒಂದು ಮೊಟ್ಟೆ ನನಗೆ ಇಟ್ಟುಕೊಳ್ಳಲಾ ಎಂದು. ಜಡೆಯನ್ನು ಕೈಗೆ ಸುತ್ತಿಕೊಂಡರು. “ಅಖಾಡಕ್ಕೆ ಇಳಿಯಾದು ನೀನಾ ನಾನಾ? ಹೇಳಲೇ, ನೀನಾ ನಾನಾ?” ಒಂದೊಂದು ಸಲ ಕೇಳಿದಾಗಲೂ ತಲೆ ಗೋಡೆಗೆ. ನೀವೇ, ನೀವೇ, ಎಂದೆ.

ಅತ್ತೆ ಗಾದ್ರಮ್ಮ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಬುಟ್ಟಿಯ ಮೊಟ್ಟೆ ಎಣಿಸುವುದು ಅವರೇ.

20-7-1978, ಗುರುವಾರ

ಮೊಟ್ಟೆ ಎಣಿಸಬಹುದು. ಹಳದಿಯನ್ನು ಯಾರು ಎಣಿಸುತ್ತಾರೆ?

ಹಿತ್ತಲಿನಲ್ಲಿ ಸಿಹಿಗುಂಬಳ ಬಿಟ್ಟಿದೆ. ಒಂದು ಹೋಳು ಬೇಯಿಸಿ, ಹಿಂಡಿ, ಹುರಿಗಡಲೆ ಹಿಟ್ಟು, ಚಿಟಿಕೆ ಅರಿಶಿನ, ಜಾಸ್ತಿ ಖಾರ. ನಾಲ್ಕು ಮೊಟ್ಟೆಯ ಹಳದಿಗೆ ಅದನ್ನು ಬೆರೆಸಿ ಆರಕ್ಕೂ ತುಂಬಿದೆ. ಉಳಿದ ಎರಡು ಹಳದಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನಾನೇ ತಿಂದೆ. ಗಂಟಲಿಗೆ ಅಂಟಿಕೊಂಡು ಇಳಿಯಲೇ ಇಲ್ಲ. ನೀರು ಕುಡಿದರೆ ಸಪ್ಪಳವಾಗುತ್ತದೆ ಎಂದು ಹೆದರಿಕೆ... ನನ್ನ ಮನೆಯಲ್ಲಿ ನಾನು ನೀರು ಕುಡಿಯಲು ಹೆದರಿಕೆ!

21-7-1978

ಬೆಳಿಗ್ಗೆಯಿಂದ ಬಾಗಿಲು ನೋಡುತ್ತಲೇ ಇದ್ದೆ. ಮಿಲ್ಲಿನಿಂದ ಬಂದರು. ಕ್ಯಾರಿಯರ್ ಇಟ್ಟರು. ಖಾಲಿ.

“ಇವತ್ತು ರುಚಿಯಾಗಿತ್ತಲೇ. ದಿನಾ ಹಿಂಗೇ ಮಾಡು.”

ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ಅಳುವೇ ಆಯಿತು.

9-8-1978

ಈಗ ನಾಲ್ಕು ಹಳದಿ ನನಗೆ, ಎರಡು ಅವರಿಗೆ. ವಾಸನೆಗೆ ಅಷ್ಟು ಬೇಕು.

ನಿನ್ನೆ ಲಾಂದ್ರದ ಗಾಜು ಒರೆಸಿರಲಿಲ್ಲ ಎಂದು ಬೆಲ್ಟು ಬಿಚ್ಚಿದರು. ಹೊಟ್ಟೆ ಗೋಡೆಯ ಕಡೆ ಮಾಡಿ, ಬೆನ್ನು ಕೊಟ್ಟು ನಿಂತೆ. ಇದೊಂದು ಕಲಿತಿದ್ದೇನೆ. ಬಿದ್ದರೆ ಕಾಲಿಗೆ ಸಿಗುತ್ತೇವೆ. ನಿಂತಿರಬೇಕು. ನಿಂತೇ ಇದ್ದೆ.

ಜಗಳೂರಿಗೆ, ತವರಿಗೆ ಹೋಗಿಬಿಡಲೇ ಎನ್ನಿಸಿತು. ಹೋದ ವರ್ಷ ಹೋಗಿದ್ದೆನಲ್ಲ, ತುಟಿ ಒಡೆಸಿಕೊಂಡು. ಒಂದು ವಾರ ಇಟ್ಟುಕೊಂಡ ಅಪ್ಪ, ತಾವೇ ಚನ್ನಗಿರಿಯವರೆಗೆ ಬಂದು ಹೊನ್ನಾಳಿ ಬಸ್ಸು ಹತ್ತಿಸಿದರು. ಕಿಟಕಿಯ ಹೊರಗಿನಿಂದ ಬಾಳೆಹಣ್ಣು ಕೊಟ್ಟು, “ಅನುಸರಿಸಿಕೊಂಡು ಹೋಗವ್ವ” ಅಂದರು. ದಾರಿಯುದ್ದಕ್ಕೂ ಅಪ್ಪನ ಮೇಲೆ ಬಂದ ಸಿಟ್ಟು ಗಂಡನ ಮೇಲೂ ಬಂದಿರಲಿಲ್ಲ. ಆ ಬಾಳೆಹಣ್ಣು ಮುಟ್ಟಲಿಲ್ಲ, ಪಕ್ಕದ ಸೀಟಿನ ಮಗುವಿಗೆ ಕೊಟ್ಟೆ.

ಇನ್ನು ಅಲ್ಲಿಗೆ ಹೋಗುವುದಿಲ್ಲ. ಈ ಮಗು ಇಲ್ಲೇ ಹುಟ್ಟಬೇಕು. ಹುಟ್ಟಲೇಬೇಕು.

14-9-1978, ಗುರುವಾರ

ಸಿಕ್ಕಿಬಿದ್ದೆ.

ಬಾಯಿ ತುಂಬ ಹಳದಿ, ಕೈಯಲ್ಲಿ ಕುಂಬಳಕಾಯಿಯ ಮುದ್ದೆ, ಹಿಂದೆ ಅತ್ತೆ. ಯಾವಾಗ ಬಂದು ನಿಂತರೋ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ತುಂಬಿಟ್ಟಿದ್ದ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

“ನೀರು ನೀರು ಆಗೈತೆ,” ಅಂದರು. “ಕುಂಬಳಕಾಯಿನ ಬಟ್ಟೆಯಾಗೆ ಕಟ್ಟಿ ಇನ್ನೊಂದು ಸಲ ಹಿಂಡು. ಹುರಿಗಡಲೆ ಕಮ್ಮಿ ಬಿದ್ದೈತೆ.”

ಬಾಯಲ್ಲಿದ್ದದ್ದನ್ನು ಆಗ ನುಂಗಿದೆ.

“ಇವನಪ್ಪನೂ ಪೈಲ್ವಾನನೇ ಕಣೇ. ಎರಡು ಕೂಸು ಹೋದವು ನನ್ನ ಹೊಟ್ಟೆಯಾಗೆ. ನನಗೆ ಕುಂಬಳಕಾಯಿ ಹೊಳೀಲಿಲ್ಲ.”

ಅಷ್ಟೇ. ಹಿತ್ತಲಿಗೆ ಹೋಗಿ ಕೋಳಿ ಮುಚ್ಚಿದರು. ಇಷ್ಟು ವರ್ಷ ಆ ಮುದುಕಿಯನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೆ! ಆದರೂ ಪೂರ್ತಿ ಕರಗಲಿಲ್ಲ ನಾನು. ಹೋದ ವರ್ಷ ಒಂದು ಮಾತಾಡಿದ್ದರೆ ಆ ಗಂಡುಮಗು ಈಗ ಅಂಬೆಗಾಲಿಡುತ್ತಿತ್ತು.

17-10-1978

ಈಗ ಒಂದು ಹಳದಿಯೂ ಕ್ಯಾರಿಯರ್‌ಗೆ ಹೋಗುವುದಿಲ್ಲ. ಅತ್ತೆಗೊಂದು, ಉಳಿದದ್ದು ನನಗೆ. ಶಂಕರಮ್ಮ ಬಂದು ರೆಪ್ಪೆ ಎಳೆದು ನೋಡಿ, ಪರವಾಗಿಲ್ಲ, ಬಣ್ಣ ಬಂದೈತೆ ಅಂದರು. ಖುಷಿಯಲ್ಲಿ ಬಾಯಿ ಜಾರಿ ಎಲ್ಲ ಹೇಳಿಬಿಟ್ಟೆ. ಬಲವೆಲ್ಲ ನನಗೆ, ಬಿಳಿ ಮಾತ್ರ ಇವರಿಗೆ, ಎಂದೆ.

ಶಂಕರಮ್ಮ ನಗು ತಡೆಯಲಾರದೆ ಬ್ಯಾಗು ಕೆಳಗಿಟ್ಟರು. “ಅಯ್ಯೋ ಹುಚ್ಚಿ, ಮಾಂಸ ಕಟ್ಟಾಕೆ ಬೇಕಾದ್ದು ಆ ಬಿಳಿದ್ರಾಗೇ ಜಾಸ್ತಿ ಐತಮ್ಮ! ನಿನ್ನ ಗಂಡಗೆ ಏನೂ ಕಮ್ಮಿ ಆಗಿಲ್ಲ. ನೀನೂ ಬಿಳಿ ಸೇರಿಸಿ ತಿನ್ನು.”

ಅಂದರೆ ಇಷ್ಟು ದಿನವೂ ಆ ಹೊಡೆತಕ್ಕೆ ಬಲ ತುಂಬಿದ್ದು ನಾನೇ. ಇವತ್ತು ಬೆಳಿಗ್ಗೆಯ ಏಟಿಗೆ ಕಿವಿ ಇನ್ನೂ ಗುಂಯ್‌ಗುಡುತ್ತಿದೆ, ಶಂಕರಮ್ಮನ ಮಾತು ಸರಿಯಾಗಿಯೇ ಇದೆ. ಬಿಳಿಗೆ ಬದಲಿ ಏನು ಮಾಡುವುದು? ಯೋಚಿಸಿ ಸಾಕಾಯಿತು. ಇಲ್ಲ, ಅದಕ್ಕೆ ಬದಲಿ ಇಲ್ಲ.

12-11-1978, ಭಾನುವಾರ

ಇವತ್ತು ಹೊನ್ನಾಳಿಯಲ್ಲಿ ಕುಸ್ತಿ. ಕೊಯ್ಲು ಮುಗಿದ ಗದ್ದೆಯಲ್ಲಿ ಅಖಾಡ ಮಾಡಿದ್ದಾರಂತೆ. ಚನ್ನಗಿರಿಯ ಯಾವನೋ ಹುಡುಗನ ಮೇಲೆ. ಗೆದ್ದರೆ ಬೆಳ್ಳಿ ಕಡಗ. ಗರಡಿಯ ಉಸ್ತಾದ್ ಬೈಲಪ್ಪನವರ ಜೊತೆ ಮೊದಲ ಬಸ್ಸಿಗೇ ಹೋದರು, ಕ್ಯಾರಿಯರ್ ಹಿಡಿದುಕೊಂಡು. ಹೋದ ಮೇಲೆ ಹೊಳೆಯಿತು: ಇವತ್ತು ಗರಡಿಯ ಮಬ್ಬಿನಲ್ಲಿ ತಿನ್ನುವುದಿಲ್ಲ. ಬಿಸಿಲಲ್ಲಿ ತಿನ್ನುತ್ತಾರೆ. ನಾಲ್ಕು ಜನರ ಎದುರಿಗೆ.

ಅತ್ತೆಗೆ ಹೇಳಿದೆ. ಅವರ ಮುಖದ ಬಣ್ಣ ಹೋಯಿತು. “ನೋಡಾನ” ಅಂದರು. ಎಲ್ಲಿಗೆ ಹೋಗುವುದು, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು. ಎಂದಿನ ಹಾಗೆ ಸಂಜೆಗೆ ಮೊಟ್ಟೆ ಒಲೆಯ ಮೇಲಿಟ್ಟೆ. ಕೈಗೆ ಬೇರೆ ಕೆಲಸ ಗೊತ್ತಿಲ್ಲ.

13-11-1978

ಬರೆದೇ ತೀರಬೇಕು.

ನಿನ್ನೆ ಸಂಜೆ ಮೊದಲು ಬಂದದ್ದು ಕ್ಯಾರಿಯರ್. ಬಾಗಿಲಿನಿಂದಲೇ ಎಸೆದ. ಭುಜಕ್ಕೆ ಬಡಿದು ಗೋಡೆಗೆ ಹೋಯಿತು. ಮೈಗೆ ಅಖಾಡದ ಮಣ್ಣು, ಒಂದು ಕಣ್ಣು ಊದಿ ಮುಚ್ಚಿತ್ತು. ಸೋತಿದ್ದ.

“ಉಸ್ತಾದ್ ಒಂದು ಹೋಳು ಬಾಯಿಗಾಕ್ಕೊಂಡು, ಇದು ಕುಂಬಳಕಾಯಿ ಕಣಲೇ ಜಂಪಣ್ಣ ಅಂದ್ರು. ಹೊನ್ನಾಳಿಗೆ ಹೊನ್ನಾಳಿನೇ ನಕ್ತಲೇ! ಅಖಾಡಕ್ಕಿಳಿದ್ರೆ ಕುಂಬಳಕಾಯಿ ಪೈಲ್ವಾನ ಬಂದ ಅಂತ ಸಿಳ್ಳೆ ಹೊಡೆದ್ರಲೇ!”

ಕೂದಲು ಹಿಡಿದು ಎಳೆದಾಡಿದ. ಬಾಯಿಗೆ ಗುದ್ದಿದ. ಒಂದು ಹಲ್ಲು ನಾಲಗೆಯ ಮೇಲೆ ಬಂತು. ನಿಂತಿರಬೇಕು ಎಂದುಕೊಂಡೆ, ಆಗಲಿಲ್ಲ. ಬಿದ್ದೆ. ಅಂಗಾತ ಬಿದ್ದೆ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡೆ. ಅವನು ಒಂದು ಕಾಲು ಎತ್ತಿದ. ಆ ಕಾಲಿನ ಹಿಮ್ಮಡಿಯ ಬಿರುಕು ಕೂಡ ಕಾಣಿಸಿತು ನನಗೆ.

ಅತ್ತೆ ಒಲೆಯ ಮೇಲಿನ ದಬರಿಯನ್ನು ಬರಿಗೈಯಲ್ಲಿ ಎತ್ತಿದರು. ಕುದಿಯುವ ನೀರು, ಮೊಟ್ಟೆ ಸಮೇತ, ಅವನ ತೊಡೆಯಿಂದ ಪಾದದವರೆಗೆ ಸುರಿದರು.

ಅಂಥ ಕೂಗು ನಾನು ಕೇಳಿರಲಿಲ್ಲ. “ಅವ್ವಾ!” ಎಂದು ಕೂಗಿದ. ಅವ್ವ ಅಲ್ಲೇ ನಿಂತಿದ್ದರು, ದಬರಿ ಹಿಡಿದುಕೊಂಡು.

ಅಕ್ಕಪಕ್ಕದವರು ಓಡಿ ಬಂದರು. ಪಕ್ಕದ ಮನೆಯ ರೇವಣ್ಣ ಗಾಡಿ ಕಟ್ಟಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. “ದಬರಿ ಜಾರ್ತು,” ಅಂದರು ಅತ್ತೆ ಎಲ್ಲರಿಗೂ. ಅವರ ಎರಡೂ ಅಂಗೈಯಲ್ಲಿ ಬೊಬ್ಬೆ.

ಎಲ್ಲರೂ ಹೋದ ಮೇಲೆ ನೆಲಕ್ಕೆ ಬಗ್ಗಿ ಮೊಟ್ಟೆ ಆರಿಸಿದರು. “ಒಂದೂ ಒಡೆದಿಲ್ಲ ನೋಡು. ಉಪ್ಪು ಹಾಕಿದ್ದಿ ಅಲ್ಲೇನು?” ಬೊಬ್ಬೆ ಬಂದ ಬೆರಳಲ್ಲೇ ಒಂದನ್ನು ಸುಲಿದು ನನಗೆ ಕೊಟ್ಟರು. ಇಡೀ ಮೊಟ್ಟೆ. ರಕ್ತದ ಬಾಯಲ್ಲೇ ತಿಂದೆ. ಒಳಗೆ ಮಗು ಹೊರಳಿತು. ಇದೆ... ಇದೆ.

2-12-1978

ಆಸ್ಪತ್ರೆಯಿಂದ ಬಂದಿದ್ದಾನೆ. ನಡುಮನೆಯಲ್ಲಿ ಮಂಚ. ಕಾಲು ನೋಡಲಾಗುವುದಿಲ್ಲ. ಪಟ್ಟಿ ಬದಲಿಸುವಾಗ ಚೀರುತ್ತಾನೆ. ಪಾಪ ಎನ್ನಿಸಿತು. ಎನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಗಾಯ ಮಾಗಲು ದಿನಾ ಮೊಟ್ಟೆ ಕೊಡಿ ಅಂದರಂತೆ ಡಾಕ್ಟರು! ಮತ್ತೆ ಸಂಜೆಗೇ ಬೇಯಿಸಿಡುವುದು, ಬೆಳಿಗ್ಗೆ ಪಟ್ಟಿ ಕಟ್ಟುವ ಗಡಿಬಿಡಿಗೆ ಮುಂಚೆ ತಿನ್ನಿಸುವುದು. ಈಗ ಕಿವುಚುವುದಿಲ್ಲ. ಇಡೀ ಮೊಟ್ಟೆ ತನ್ನ ಕೈಯಲ್ಲೇ ಒಡೆದು, ಹಳದಿ ನೋಡಿಕೊಂಡೇ ತಿನ್ನುತ್ತಾನೆ. ತಿಂದು ನನ್ನ ಹೊಟ್ಟೆ ನೋಡುತ್ತಾನೆ.

“ಕಾಲು ಬರಲಿ,” ಅನ್ನುತ್ತಾನೆ. ಜೋರಾಗಿ ಅಲ್ಲ. “ಕಾಲು ಬರಲಿ, ಆಮ್ಯಾಕೈತೆ. ನಿನಗೂ, ಅದಕ್ಕೂ.”

ಕೊಡದಿದ್ದರೆ ಗಾಯ ಕೊಳೆಯುತ್ತದೆ. ಕೊಟ್ಟರೆ ಕಾಲು ಬರುತ್ತದೆ. ದಿನಾ ಒಲೆಯ ಮುಂದೆ ಇದೇ ಯೋಚನೆ. ಆದರೂ ಕೊಡುತ್ತೇನೆ. ಕೊಲ್ಲುವುದು ನನ್ನ ಕೈಲಾಗುವುದಿಲ್ಲ, ಅದು ಅವನಿಗೂ ಗೊತ್ತು.

13-1-1979, ಶನಿವಾರ

ಹೆಣ್ಣು. ಬೆಳಗಿನ ಜಾವ. ಶಂಕರಮ್ಮ ಬಂದಿದ್ದರು. ಗಟ್ಟಿಯಾಗಿ ಅತ್ತಿತು, ಓಣಿಗೆಲ್ಲ ಕೇಳುವ ಹಾಗೆ. ಅಳಲಿ, ಈ ಮನೆಯಲ್ಲಿ ಅಷ್ಟು ಜೋರಾಗಿ ಅಳಲು ಧೈರ್ಯ ಯಾರಿಗಿತ್ತು!

ಅತ್ತೆ ನಡುಮನೆಗೆ ಎತ್ತಿಕೊಂಡು ಹೋಗಿ ತೋರಿಸಿದರು. ನೋಡಿ ಗೋಡೆಯ ಕಡೆ ತಿರುಗಿದ.

20-3-1979. ಸಂಜೆ

ಇವತ್ತು ಕೋಲು ಬಿಟ್ಟು ನಡೆದ. ಮಂಚದಿಂದ ಕಂಬದವರೆಗೆ, ಕಂಬದಿಂದ ಬಾಗಿಲವರೆಗೆ. ಕಾಲು ಸ್ವಲ್ಪ ಎಳೆಯುತ್ತಾನೆ, ಅಷ್ಟೇ. ಗೂಟದ ಮೇಲಿನ ಬೆಲ್ಟು ತೆಗೆದು ಧೂಳು ಕೊಡವಿದ. ಮಗು ಅತ್ತಿತು. “ಆ ಪೀಡೆಯ ಬಾಯಿ ಮುಚ್ಚಿಸ್ತೀಯೋ, ನಾನೇ ಬರಲೋ?” ಅಂದ.

ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಬಂದೆ. ಅತ್ತೆ ಒಲೆಯ ಮುಂದೆ ಸೌದೆ ಜೋಡಿಸುತ್ತಿದ್ದರು. ಅಂಗೈಯ ಕಲೆಗಳು ಬಿಳಿಯಾಗಿ ಹೊಳೆಯುತ್ತಿದ್ದವು.

“ದಬರಿ ಇಡು ಸಾವಂತ್ರಿ.”

“ಎಷ್ಟು ಮೊಟ್ಟೆ ಹಾಕ್ಲಿ ಅತ್ತೆ?”

“ಮೊಟ್ಟೆ ಬ್ಯಾಡ. ಬರೇ ನೀರಿಡು.”

ಇಟ್ಟಿದ್ದೇನೆ. ಮಗು ನನ್ನ ಬೆನ್ನ ಹಿಂದೆ ಚಾಪೆಯ ಮೇಲಿದೆ. ಅತ್ತೆಯ ಕೈಗೆ ಇನ್ನೊಂದು ಸಲ ಬೊಬ್ಬೆ ಬೇಡ, ಈ ಸಲ ನಾನೇ ಎತ್ತುತ್ತೇನೆ. ಸೆರಗು ಎರಡು ಸುತ್ತು ಕೈಗೆ ಸುತ್ತಿಕೊಂಡು ಕೂತಿದ್ದೇನೆ. ತಳದಲ್ಲಿ ಗುಳ್ಳೆ ಏಳುತ್ತಿವೆ. ನಡುಮನೆಯಿಂದ ಕಾಲೆಳೆಯುವ ಸಪ್ಪಳ, ಈ ಕಡೆಗೇ—