ಶಕ್ತಿಮಾನಿನ ಸ್ಟೀರಿಂಗ್

ಸೆಪ್ಟೆಂಬರ್ 14, ಭಾನುವಾರ

ಲಾರಿಯ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದೆ. ಒಂದೇ ಕೈಯಲ್ಲಿ. ಸ್ಟ್ರೋಕ್ ಆದಾಗಿನಿಂದ ಬಲಗೈ ಇದ್ದೂ ಇಲ್ಲದ ಹಾಗೆ. ಎಡಗೈಯಲ್ಲಿ ಬರೆದ ಈ ಸೊಟ್ಟ ಅಕ್ಷರ ನೋಡಿದರೂ ಸಿಟ್ಟು ಬರುತ್ತದೆ.

ಹೇಮಶ್ರೀ ಶೆಡ್ ಬಾಗಿಲಲ್ಲಿ ನಿಂತು, "ಈ ಮಿಲಿಟ್ರಿ ಲಾರಿ ಸಾವಾಸ ಸಾಕು ಕಣ್ರೀ, ಮಾರ್ಬಿಡಿ" ಅಂದಳು. ಹೆಂಡತಿಯಾಗಿ ಆಡುವ ಮಾತೇ ಇದು? ರೇಗಿಬಿಟ್ಟೆ. ಹರಾಜಿನಲ್ಲಿ ತಂದಾಗ ಬರೀ ತುಕ್ಕು. ನಾನು, ತರೀಕೆರೆಯ ಗೆಳೆಯ ಸೈಫ್ — ಇಬ್ಬರೇ ಸೇರಿ ಒಂದೊಂದು ಬೋಲ್ಟೂ ಬಿಚ್ಚಿ ಕಟ್ಟಿದ ಶಕ್ತಿಮಾನ್. ಆಯುಧಪೂಜೆಗೆ ಪ್ರತಿ ವರ್ಷ ನಾನೇ ಓಡಿಸುವುದು. ಈ ವರ್ಷವೂ ನಾನೇ. ನೋಡಲಿ ಎಲ್ಲರೂ.

ಸೆಪ್ಟೆಂಬರ್ 21, ಭಾನುವಾರ

ಅಜ್ಜಂಪುರದ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಕಡೂರಿಗೆ ವಾಪಸ್. ಅಷ್ಟರಲ್ಲಿ ಸೈಫ್ ನನ್ನ ಲಾರಿಗೆ ಪವರ್ ಸ್ಟೀರಿಂಗ್ ಹಾಕಿದ್ದಾನೆ! ಗುಜರಿಯಲ್ಲಿ ಸಿಕ್ಕಿದ್ದಂತೆ. ಒಂದು ಮಾತು ಕೇಳಿಲ್ಲ. ಮೈಯೆಲ್ಲ ಉರಿದುಹೋಯಿತು.

"ಒರಿಜಿನಲ್ ಗಾಡಿ ಕಣೋ ಅದು! ಯಾರನ್ನ ಕೇಳಿ ಕೈ ಹಾಕ್ದೆ?"

"ನಿನ್ ಕೈಗೋಸ್ಕರ ಕಣೋ. ಒಂದ್ ಬೆರಳಲ್ಲಿ ತಿರುಗುತ್ತೆ, ಕೂತ್ಕೊಂಡ್ ನೋಡು."

"ನನ್ ಕೈಗೆ ಏನಾಗೈತೆ? ನಿನ್ ಕನಿಕರ ನೀನೇ ಇಟ್ಕೋ. ಬಿಚ್ಚು."

"ಧನಪಾಲ…"

"ಬಿಚ್ಚೋ ಅಂದೆ!"

ಸೆಪ್ಟೆಂಬರ್ 23

ಬಿಚ್ಚಿದ. ಹಳೆಯದನ್ನೇ ಕೂರಿಸಿದ. ಊಟಕ್ಕೂ ನಿಲ್ಲಲಿಲ್ಲ. ಹೋಗಲಿ! ನನ್ನನ್ನು ಮೂಲೆಗೆ ಕೂರಿಸುವವರೇ ಎಲ್ಲ.

ಅಕ್ಟೋಬರ್ 1, ಆಯುಧಪೂಜೆ

ಬಾಳೆಕಂದು, ಸೇವಂತಿಗೆ ಹಾರ. ಹೇಮಶ್ರೀ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಬೀದಿಯವರೆಲ್ಲ ಸೇರಿದ್ದರು. ಸೈಫ್ ಕೂಡ — ಕರೆಯದೇ ಬಂದಿದ್ದ.

ಸ್ಟಾರ್ಟ್ ಮಾಡಿದೆ. ನಿಂಬೆಹಣ್ಣು ಪಚಕ್. ನೇರ ಹೋಗುವುದಕ್ಕೇನು? ಗೇಟಿನಲ್ಲಿ ತಿರುಗಿಸಬೇಕು. ಎಡಗೈಯಲ್ಲಿ ಎಳೆದೆ. ಜಗ್ಗಲಿಲ್ಲ. ಎದೆ ಕೊಟ್ಟು ಎಳೆದೆ. ಬೀಸುವ ಕಲ್ಲು ಇದ್ದ ಹಾಗೆ ಇತ್ತು. ಎದುರಿಗೇ ಗೇಟಿನ ಕಂಬ. ಬ್ರೇಕ್.

"ಇಳೀರಣ್ಣ, ಬೇರೆ ಯಾರಾದ್ರೂ ಓಡಿಸ್ತಾರೆ" ಅಂದ, ಪಕ್ಕದ ಮನೆ ರೇಣುಕಪ್ರಸಾದ್. ಇವನ ನಾಲಿಗೆ ಸೇದಿಹೋಗ! "ಇಳಿಯಲ್ಲ ಹೋಗೋ!" ಅಂತ ಕಿರುಚಿದೆ. ಅಳು ಬಂತು. ಅದಕ್ಕೂ ಸಿಟ್ಟು.

ಸೈಫ್ ಫುಟ್‌ಬೋರ್ಡ್ ಹತ್ತಿ ಕಿಟಕಿಯಿಂದ ಎರಡೂ ಕೈ ಒಳಗೆ ತೂರಿಸಿದ. ಸ್ಟೀರಿಂಗ್ ಹಿಡಿದ.

"ಕೈ ತೆಗಿಯೋ!"

"ತೆಗಿಯಲ್ಲ. ನೀನು ಬೈತಾ ಇರು. ಕ್ಲಚ್ ಬಿಡು."

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಇಬ್ಬರೂ ಎಳೆದೆವು. ಕಂಬ ತಪ್ಪಿತು, ಲಾರಿ ರೋಡಿಗೆ ಬಂತು. ಇಳಿದ ಮೇಲೆ ನಾನು ಸೈಫ್‌ನ ಮುಖ ನೋಡಲಿಲ್ಲ.

ಅಕ್ಟೋಬರ್ 2, ಸಂಜೆ

ಪವರ್ ಸ್ಟೀರಿಂಗ್ ಇನ್ನೂ ಅವನ ಹತ್ತಿರವೇ ಇದೆಯಂತೆ, ಹೇಮಶ್ರೀ ಹೇಳಿದಳು. ಬಿಚ್ಚು ಅಂದ ಬಾಯಲ್ಲಿ ಹಾಕು ಅನ್ನಬೇಕು. ಥೂ! ಮೂರು ಸಲ ಫೋನ್ ಎತ್ತಿ ಇಟ್ಟೆ. ಕೊನೆಗೆ ಮಾಡಿದೆ.

"ಏನಪ್ಪಾ, ಬೈಯೋದು ಇನ್ನೂ ಬಾಕಿ ಐತಾ?"

"ಐತೆ" ಅಂದೆ. "ಲೇ ಸೈಫ್… ನನ್ ಕೈಲಿ ಆಗಲ್ಲ ಕಣೋ. ಬಂದು ಅದನ್ನೇ ಹಾಕು."