ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಮನೆ

ಮಾರ್ಚ್ 3, ಬೆಳಿಗ್ಗೆ

ಬೆಣ್ಣೆ ಇವತ್ತೂ ಬಿಸಾಕಿದೆ. ನಿನ್ನೆ ತಂದದ್ದು. ಬ್ರೆಡ್ಡಿಗೆ ಸವರಿ ಬಾಯಿಗಿಟ್ಟರೆ ಅದೇ ನಾತ — ಸಿಹಿಸಿಹಿ, ಔಷಧಿ ಬೆರೆಸಿದ ಹಾಗೆ. ಕೆಳಗೆ ಭಾವನ ಅಂಗಡಿಯಲ್ಲಿ ಮಷೀನು ತಿರುಗುವಾಗ ಬರುವ ನಾತ. ಮೂಗಿಗೆ ಬಂದರೆ ಹೋಗಲಿ, ಈಗ ನಾಲಿಗೆಗೂ ಬಂತು. ಸಿಂಕಿನಲ್ಲಿ ಉಗಿದೆ.

ಅಮ್ಮ ತನ್ನ ಪಾಲಿನದು ತಿಂದು ಮುಗಿಸಿದಳು.

"ಎಲ್ಲದಕ್ಕೂ ಮೂಗು ಮುರೀಬೇಡ. ಅಳಿಯಂದ್ರ ಅಂಗಡಿ ಇರೋದಕ್ಕೆ ಈ ಮನೇಲಿ ಒಲೆ ಉರೀತಿರೋದು."

ಸರಿ. ಉರಿಯಲಿ. ಬೆಣ್ಣೆಯೂ ಉರಿಯುವಂತಿದೆ.

ಮಾರ್ಚ್ 5, ಸಂಜೆ

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಒಮ್ಮೆ ನನ್ನ ಕಡೆ ನೋಡಿ, ಎದ್ದು ಹಿಂದಿನ ಸೀಟಿಗೆ ಹೋದ. ನಾನು ಕೆಲಸ ಮಾಡುವ ಕನ್ನಡಕದಂಗಡಿಯ ಯಜಮಾನರು ಬೇರೆ, "ಏನಮ್ಮ, ಹೊಸ ಪೇಂಟಾ ಮನೆಗೆ?" ಅಂದರು. ತಲೆಯಾಡಿಸಿದೆ. ಏನಂತ ಹೇಳುವುದು? ತಲೆಗೂದಲು, ದುಪಟ್ಟಾ, ಚರ್ಮ — ಎಲ್ಲದಕ್ಕೂ ಹತ್ತಿದೆ. ಎರಡು ಸಲ ಸೋಪು ಹಚ್ಚಿದರೂ ಹೋಗುವುದಿಲ್ಲ.

ಬರುವಾಗ ಅಂಗಡಿಗೆ ಇಣುಕಿದೆ. ಭಾವ ಎಂದಿನಂತೆ ಮುಂದೆ, ಬೀದಿಗೆ ತೆರೆದ ಕೌಂಟರಿನಲ್ಲಿ. ಗಿರಾಕಿಗಳ ಜೊತೆ ನಗು. ಒಳಗೆ ಮಷೀನಿನ ಹತ್ತಿರ ಅಕ್ಕ, ಯಾರದೋ ಮದುವೆ ಕೋಟಿನ ಕಾಲರನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಕಾಲರಿನ ಒಳಗೆ ಜಿಡ್ಡು ಹಳದಿಗಟ್ಟಿತ್ತು. ಎದೆಯ ಮೇಲೆ ಸಾರು ಚೆಲ್ಲಿದ ಕಲೆ. ಊರವರ ಬೆವರು, ಊರವರ ಎಂಜಲು. ಅವಳಿಗೆ ಅಸಹ್ಯವಿಲ್ಲ. ಸುಮ್ಮನೆ ನಗುತ್ತಿದ್ದಳು. ಏನೂ ಇಲ್ಲದ್ದಕ್ಕೆ ನಗು. ಕಣ್ಣು ತೇಲುತ್ತಿದ್ದವು.

"ನಿಮ್ಮಕ್ಕಂಗೆ ಸಂಜೆಯಾದ್ರೆ ಏರುತ್ತೆ ನೋಡು," ಅಂದ ಭಾವ. "ಖರ್ಚಿಲ್ದೆ ನಶೆ."

ಗಿರಾಕಿ ನಕ್ಕ. ಅಕ್ಕನೂ ನಕ್ಕಳು.

ಮೇಲಿನಿಂದ ಬೆಣ್ಣೆ ಡಬ್ಬಿ ತಂದು ಅಕ್ಕನ ಮೂಗಿನ ಕೆಳಗೆ ಹಿಡಿದೆ.

"ಮೂಸಿ ನೋಡು."

"ಏನೂ ಇಲ್ವಲ್ಲೇ."

"ಸರಿಯಾಗಿ ನೋಡೇ."

"ಏನೂ ಇಲ್ಲ ಕಣೇ. ನೀರು ಮೂಸಿದ ಹಾಗಿದೆ."

ಆಮೇಲೆ ಸೀಮೆಎಣ್ಣೆ ತಂದೆ. ವಿನಿಗರ್ ತಂದೆ. ಸುಟ್ಟ ಬಟ್ಟೆಯ ಚೂರು ಹಿಡಿದೆ. ಯಾವುದೂ ಇಲ್ಲ. ಅವಳಿಗೇ ಆಶ್ಚರ್ಯ. "ಯಾವಾಗಿಂದ ಅಂತ ಗೊತ್ತಾಗ್ಲೇ ಇಲ್ಲ ನೋಡು," ಅಂದು ಮತ್ತೆ ನಕ್ಕಳು.

ಮಾರ್ಚ್ 9, ಭಾನುವಾರ

ಅಂಗಡಿಗೆ ರಜೆ. ಭಾವ ಶಟರ್ ಎಳೆದು ಒಳಗಿದ್ದ. ಅವನೆದುರೇ ಎಲ್ಲವನ್ನೂ ನೋಡಿದೆ.

ಮಷೀನಿನ ಬಾಗಿಲ ಸುತ್ತಲಿನ ರಬ್ಬರು ಬಿರುಕು ಬಿಟ್ಟಿದೆ. ಅಂಚಿನಲ್ಲಿ ಬಟ್ಟೆ ತೊಳೆಯುವ ಲಿಕ್ವಿಡ್ ಜಿನುಗಿ ನೆಲದ ಮೇಲೆ ಬಣ್ಣ ಕಳೆದ ಪಟ್ಟಿ ಬಿದ್ದಿದೆ. ಎಕ್ಸಾಸ್ಟ್ ಫ್ಯಾನಿನ ತೂತಿಗೆ ರಟ್ಟು ತುರುಕಿದ್ದಾನೆ. ಪಕ್ಕದ ಟೈಲರ್ ಗಲಾಟೆ ಮಾಡಿದನಂತೆ, ಗಾಳಿ ತನ್ನ ಕಿಟಕಿಗೆ ಬರುತ್ತೆ ಅಂತ. ಅದಕ್ಕೆ ಭಾವ ಮುಚ್ಚಿದನಂತೆ. ಟೈಲರ್‌ಗೆ ಬೇಡವಾದದ್ದು ಈಗ ನೀರಿನ ಪೈಪು ಇಳಿದ ಸಂದಿನಿಂದ ನೇರ ನಮ್ಮ ಅಡುಗೆಮನೆಗೆ.

ಮೆಟ್ಟಿಲ ಕೆಳಗೆ ಡ್ರಮ್ಮುಗಳು. ಒಂದರ ಮುಚ್ಚಳವೇ ಇಲ್ಲ. ಒಳಗೆ ಮಷೀನಿನ ತಳದಿಂದ ಕೆರೆದು ತೆಗೆದ ಕೆಸರು — ಕಪ್ಪು, ಗಟ್ಟಿ, ಕೂದಲು, ನೂಲು, ಗುಂಡಿ ಎಲ್ಲ ಸೇರಿ ಯಾವುದೋ ಪ್ರಾಣಿಯ ಹೊಟ್ಟೆಯೊಳಗಿನದು ಇದ್ದ ಹಾಗೆ. ಲಿಕ್ವಿಡ್ಡಿನ ಕ್ಯಾನಿನ ಮೇಲೆ ದೊಡ್ಡದಾಗಿಯೇ ಬರೆದಿದೆ, ಗಾಳಿಯಾಡದ ಜಾಗದಲ್ಲಿ ಬಳಸಬೇಡಿ ಅಂತ.

"ಇದನ್ನ ಓದಿದೀರಾ ಭಾವ?"

"ಎಲ್ಲದರ ಮೇಲೂ ಬರ್ದಿರ್ತಾರೆ. ಬೆಂಕಿಪೊಟ್ಟಣದ ಮೇಲೂ ಬರ್ದಿರ್ತಾರೆ."

"ಕೆಸರು ತುಂಬಿದ ಮೇಲೆ ಏನು ಮಾಡ್ತೀರ?"

"ಹಿಂದೆ ಮೋರಿ ಇದೆಯಲ್ಲ."

ಅಷ್ಟು ಸಲೀಸಾಗಿ ಅಂದ. ಸ್ನಾನದ ನೀರು ಚೆಲ್ಲಿದೆ ಅನ್ನುವ ಹಾಗೆ.

ನಾನು ದನಿ ಏರಿಸಿದೆ. ಅಮ್ಮ ಮೇಲಿನಿಂದಲೇ ಕೂಗಿದಳು, ಅಳಿಯಂದಿರ ಹತ್ತಿರ ಹೀಗೆಲ್ಲ ಮಾತಾಡಬೇಡ ಅಂತ. ಭಾವ ನನ್ನ ಬೆನ್ನು ತಟ್ಟಿ, "ನಮ್ಮನೆ ಪತ್ತೇದಾರಿ" ಅಂದ. ಆ ಕೈ ತಗುಲಿದ ಕುರ್ತಾ ತೆಗೆದು ಬಕೆಟ್ಟಿಗೆ ಹಾಕಿದೆ.

ಮಾರ್ಚ್ 10

ರಟ್ಟು ಕಿತ್ತು ಎಸೆದೆ. ಮಧ್ಯಾಹ್ನಕ್ಕೆ ಮತ್ತೆ ತುರುಕಿದ್ದಾನೆ.

ಮಾರ್ಚ್ 28

ಅಮ್ಮನಿಗೆ ತಲೆ ಸುತ್ತು, ಗೋಡೆ ಹಿಡಿದು ಓಡಾಡುತ್ತಾಳೆ. ಡಾಕ್ಟರು ವಯಸ್ಸು ಅಂದರು. ಚಿಕ್ಕಮ್ಮ ಬಂದು ತಮ್ಮ ಮನೆಗೆ ಕರೆದುಕೊಂಡು ಹೋದರು. ಇರಲಿ, ಸ್ವಲ್ಪ ದಿನ.

ಏಪ್ರಿಲ್ 12

ಚಿಕ್ಕಮ್ಮನ ಮನೆಯಲ್ಲಿ ಅಮ್ಮ ತಾನೇ ನೀರು ಹಿಡಿದು ಗಿಡಕ್ಕೆ ಹಾಕುತ್ತಿದ್ದಳಂತೆ. ಸಂಜೆ ವಾಕಿಂಗ್ ಬೇರೆ. ನಿನ್ನೆ ಇಲ್ಲಿಗೆ ಬಂದಳು. ಇವತ್ತು ಮತ್ತೆ ಗೋಡೆ. ವಯಸ್ಸಂತೆ. ವಯಸ್ಸು ಚಿಕ್ಕಮ್ಮನ ಮನೆಗೆ ಹೋದಾಗ ಕಮ್ಮಿಯಾಗಿ, ಇಲ್ಲಿಗೆ ಬಂದರೆ ಜಾಸ್ತಿಯಾಗುತ್ತದೆಯೇ?

ಭಾವನ ಮುಂದೆ ಹೋಗಿ ನಿಂತೆ.

"ರಬ್ಬರಾದ್ರೂ ಹಾಕ್ಸಿ. ಅಮ್ಮನ ಮುಖ ನೋಡಿ ಹಾಕ್ಸಿ."

"ಮದುವೆ ಸೀಸನ್ ಮುಗೀಲಿ ಕಣಮ್ಮ. ಈಗ ಮಷೀನ್ ನಿಲ್ಸಿದ್ರೆ ಗಿರಾಕಿ ನನ್ನ ಬಿಡ್ತಾರಾ?"

ಅಕ್ಕ ನನ್ನ ಕೈ ಹಿಡಿದು ಆಚೆ ಎಳೆದಳು. "ಬಿಡೇ, ಮುಗೀಲಿ ಅಂತಿದಾರಲ್ಲ." ಅವಳ ಬೆರಳ ತುದಿಗಳು ಒಣಗಿ ಸೀಳಿವೆ. ಒಳಗಿನ ಕೆಂಪು ಕಾಣುತ್ತದೆ. ಆ ಬೆರಳಲ್ಲೇ ಎಲ್ಲರಿಗೂ ಬಡಿಸುತ್ತಾಳೆ. ನಾವೆಲ್ಲ ತಿನ್ನುತ್ತೇವೆ.

ಏಪ್ರಿಲ್ 17, ಆಸ್ಪತ್ರೆ

ಬರೆಯದಿದ್ದರೆ ತಲೆ ಒಡೆಯುತ್ತದೆ.

ಮಧ್ಯಾಹ್ನ ಊಟಕ್ಕೆ ಅಂತ ಬಂದಿದ್ದೆ. ಮಷೀನು ನಿಂತಿತ್ತು. ಅಕ್ಕ ಕಾಣಲಿಲ್ಲ. ಹಿಂದೆ ಹೋದರೆ ನೆಲದ ಮೇಲೆ ಬಿದ್ದಿದ್ದಳು. ಮಷೀನಿನ ಫಿಲ್ಟರ್ ತೊಳೆಯಲು ಬಿಚ್ಚಿದ್ದಳು. ಕಪ್ಪು ಕೆಸರು ಕೈಗೆ, ಸೆರಗಿಗೆ, ಕೆನ್ನೆಗೆ. ಬಾಯಿಂದ ನೊರೆ. ಕಿಟಕಿಯಿಲ್ಲದ ಕೋಣೆ. ಉಸಿರು ಎಳೆದರೆ ನನಗೇ ಕಣ್ಣು ಕತ್ತಲಾಯಿತು. ರಟ್ಟು ಕಿತ್ತು, ಅವಳ ಎರಡೂ ತೋಳು ಹಿಡಿದು ಬೀದಿಯವರೆಗೆ ಎಳೆದುಕೊಂಡು ಬಂದೆ. ಟೈಲರ್ ಓಡಿ ಬಂದು ಕಾಲು ಹಿಡಿದ. ಭಾವ ಕೌಂಟರಿನಲ್ಲಿ ಗಿರಾಕಿಗೆ ಚೀಟಿ ಹರಿದು ಕೊಡುತ್ತಿದ್ದ. ಅಷ್ಟು ಹೊತ್ತೂ ಅವನಿಗೆ ಗೊತ್ತಿಲ್ಲ.

ಆಟೋದಲ್ಲಿ ಅವಳು ನನ್ನ ಮಡಿಲ ಮೇಲೆ ವಾಂತಿ ಮಾಡಿದಳು. ಅದಕ್ಕೂ ಅದೇ ನಾತ.

ಏಪ್ರಿಲ್ 20

ಅಕ್ಕ ಕಣ್ಣು ಬಿಟ್ಟಿದ್ದಾಳೆ. ಮಾತಾಡುತ್ತಾಳೆ. ಲಿವರ್ ಊದಿದೆಯಂತೆ, ರಕ್ತ ಮತ್ತೆ ಮತ್ತೆ ನೋಡಬೇಕಂತೆ. ಲೇಡಿ ಡಾಕ್ಟರು ಖಡಾಖಂಡಿತ ಹೇಳಿದರು — ಇನ್ನು ಆ ಕೋಣೆಗೆ ಕಾಲಿಡಕೂಡದು. ಆಮೇಲೆ ಭಾವನ ಕಡೆ ತಿರುಗಿದರು.

"ನೀವೂ ಅಲ್ಲೇ ಇರ್ತೀರಲ್ಲ. ನಿಮಗೇನೂ ತೊಂದ್ರೆ ಇಲ್ವಾ?"

"ಇಲ್ಲ ಡಾಕ್ಟ್ರೇ. ನಾನು ಮಷೀನ್ ಕಡೆ ಹೋಗೋದೇ ಇಲ್ಲ. ಮೊದಲಿಂದ್ಲೂ ನಂಗೆ ಅದು ಆಗಿಬರಲ್ಲ. ತಲೆ ಹಿಡಿಯುತ್ತೆ."

ಹವಾಮಾನದ ಮಾತಾಡುವ ಹಾಗೆ ಅಂದ. ತಾನು ಏನು ಹೇಳಿದೆ ಅನ್ನುವುದು ಅವನಿಗೆ ಈಗಲೂ ಗೊತ್ತಿಲ್ಲ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು.

ನಾನು ಅಕ್ಕನ ಕಡೆ ನೋಡಿದೆ. ಮಲಗಿದ್ದಾಳೆ ಅಂದುಕೊಂಡಿದ್ದೆ. ಕಣ್ಣು ತೆರೆದಿತ್ತು.

ಥೂ. ಬಾಗಿಲ ಗಾಳಿ ಇವನಿಗೆ. ಒಳಗಿನದು ಅವಳಿಗೆ. ಇಷ್ಟು ವರ್ಷ.

ಏಪ್ರಿಲ್ 29

ಅಕ್ಕ ಭಾವನ ಮನೆಗೆ ಹೋಗದೆ, ನಮ್ಮ ಜೊತೆ ಮೇಲೆಯೇ ಇದ್ದಾಳೆ. ಅಂಗಡಿ ಮುಚ್ಚಿದೆ.

ಡ್ರಮ್ಮು ಒಯ್ಯುವವರು ಬಂದರು. ನಾನೇ ಫೋನ್ ಮಾಡಿ ಕರೆಸಿದ್ದು. ಇಬ್ಬರು. ಬೀದಿಯಲ್ಲೇ ನಿಂತು ಗ್ಲೌಸು ಹಾಕಿದರು, ಮೂಗು-ಬಾಯಿ ಮುಚ್ಚುವ ದಪ್ಪ ಮಾಸ್ಕು ಕಟ್ಟಿದರು, ಒಬ್ಬನ ಪಟ್ಟಿಯನ್ನು ಇನ್ನೊಬ್ಬ ಎಳೆದು ನೋಡಿದ. ಆಮೇಲಷ್ಟೇ ಹೊಸ್ತಿಲು ದಾಟಿದರು. ನಾವು ಉಂಡು ಮಲಗಿ ಎದ್ದ ಮನೆಗೆ.

ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. "ಅವರು ಯಾಕೆ ಹಂಗೆ ಮುಖ ಮುಚ್ಕೊಂಡಿದಾರೆ?" ಅಂದಳು. ಸ್ವಲ್ಪ ಹೊತ್ತಿಗೆ ಅವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮೇ 6

ಭಾವ ಮಷೀನು ಮಾರುತ್ತಿದ್ದಾನೆ. ಗುಜರಿಗಲ್ಲ. ಅಂಗಡಿ ಇಡುವವನೊಬ್ಬನಿಗೆ. ಬಂದು ನೋಡಿದ. ಮೀಸೆ ಈಗಷ್ಟೇ ದಪ್ಪವಾದ ಹುಡುಗ, ಹೊಸದಾಗಿ ಮದುವೆಯಾದವನು.

"ಫಸ್ಟ್ ಕ್ಲಾಸ್ ಕಂಡೀಷನ್," ಅನ್ನುತ್ತಿದ್ದ ಭಾವ. "ಮನೆಯೋರೇ ನಡೆಸ್ತಿದ್ರು, ಅಷ್ಟು ಸುಲಭ."

ರಬ್ಬರಿನ ಬಿರುಕಿಗೆ ಕಪ್ಪು ಪಾಲಿಶ್ ತಿಕ್ಕಿದ್ದಾನೆ. ಬೂಟು ಪಾಲಿಶ್. ಕೈಯಿಂದ ಮುಟ್ಟಿ ನೋಡಿದೆ.

"ಆ ಹುಡುಗನಿಗೆ ಹೇಳ್ತೀನಿ," ಅಂದೆ.

"ಹೇಳು. ಆಮೇಲೆ ನಿಮ್ಮಕ್ಕನ ಔಷಧಿ ನೀನೇ ತಗೊಂಡ್ಬಾ."

ಅವನ ಮೇಲೆ ಹೇಸಿಗೆ. ಸುಮ್ಮನಾದ ನನ್ನ ಮೇಲೆ ಇನ್ನೂ.

ಮೇ 8, ಮಧ್ಯಾಹ್ನ

ಟೆಂಪೋ ಬಂತು. ಇಬ್ಬರು ಹಮಾಲರು. ಆ ಹುಡುಗ ಹೆಂಡತಿಯನ್ನೂ ಕರೆತಂದಿದ್ದ. ನಾನು ಕೆಳಗಿಳಿಯುವಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಮೆಟ್ಟಿಲು ಇಳಿದು ಹೋಗಿದ್ದಳು. ನೈಟಿಯ ಮೇಲೆ ಟವೆಲ್. ಕೌಂಟರಿನ ದೊಡ್ಡ ಕತ್ತರಿ ಕೈಯಲ್ಲಿ.

ಕೂಗಲಿಲ್ಲ. ಆ ಹುಡುಗನನ್ನು ಮೆಲ್ಲಗೆ ಕೇಳಿದಳು.

"ಮಷೀನ್ ಹತ್ರ ಯಾರಪ್ಪ ನಿಲ್ಲೋದು?"

"ಇವಳೇ ಅಕ್ಕ." ಹೆಂಡತಿಯನ್ನು ತೋರಿಸಿದ. "ನಾನು ಮುಂದೆ ಗಿರಾಕಿ ನೋಡ್ಕೋತೀನಿ."

ಅಕ್ಕ ಆ ಹುಡುಗಿಯನ್ನು ನೋಡಿದಳು. ಅಷ್ಟೆ. ಮಷೀನಿನ ಬಾಗಿಲು ತೆಗೆದು, ಸುತ್ತಲಿನ ರಬ್ಬರಿಗೆ ಕತ್ತರಿ ಹಾಕಿ, ಒಂದು ಕಡೆಯಿಂದ ಕೊಯ್ಯುತ್ತಾ ಬಂದಳು. ಹಾವಿನ ಪೊರೆಯ ಹಾಗೆ ನೆಲಕ್ಕೆ ಬಿತ್ತು. ಒಳಗಿನ ಪೈಪಿಗೂ ಕತ್ತರಿ ಹಾಕಿದಳು. ಆಮೇಲೆ ಆ ಹುಡುಗಿಯ ಮುಂದೆ ತನ್ನ ಎರಡೂ ಕೈ ಬಿಚ್ಚಿ ಹಿಡಿದಳು.

"ನೋಡು. ನಂಗೆ ಮೂಗೂ ಇಲ್ಲ ಈಗ. ಇವರು ಹೇಳಲ್ಲ, ನಾನು ಹೇಳ್ತಿದೀನಿ."

ಭಾವ, "ನಿಂಗೇನು ತಲೆ ಕೆಟ್ಟಿದ್ಯಾ," ಅಂತ ತೋಳು ಹಿಡಿಯಲು ಬಂದ. ಹಮಾಲನೊಬ್ಬ ಅಡ್ಡ ನಿಂತ. ಹುಡುಗಿ ಗಂಡನ ಕೈ ಹಿಡಿದು ಎಳೆದುಕೊಂಡು ಟೆಂಪೋ ಹತ್ತಿದಳು.

ಅಕ್ಕ ಕತ್ತರಿಯನ್ನು ಕೌಂಟರಿನ ಮೇಲೆ, ಭಾವನ ಕುರ್ಚಿಯ ಎದುರು ಇಟ್ಟು ಮೇಲೆ ಬಂದಳು. ಇಡೀ ದಾರಿ ಅವಳ ಭಾರ ನನ್ನ ಭುಜದ ಮೇಲೆ.

ಮೇ 9, ಸಂಜೆ

ಗುಜರಿಯವನು ಬಂದು ಮಷೀನನ್ನು ತುಂಡು ಮಾಡಿ ಒಯ್ದ. ಭಾವ ಬೆಳಗಿನಿಂದ ಹೊರಗೆಲ್ಲೋ ಹೋಗಿದ್ದ. ಈಗ ಬಂದಿದ್ದಾನೆ. ನಮ್ಮ ಬಾಗಿಲಾಚೆ ಮೆಟ್ಟಿಲ ಮೇಲೆ ನಿಂತಿದ್ದಾನೆ.

"ಅವಳನ್ನ ಕಳ್ಸು. ಮನೆ ಅಂದ್ಮೇಲೆ ಮಾತು ಬರುತ್ತೆ ಹೋಗುತ್ತೆ. ಬೇರೆ ಏನಾದ್ರೂ ಮಾಡೋಣ... ಅವಳು ಬರೀ ಕೂತ್ಕೊಂಡು ಇಸ್ತ್ರಿ ಮಾಡ್ಲಿ ಸಾಕು."

ಇಸ್ತ್ರಿ. ಕೂತ್ಕೊಂಡು.

ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಾಳೆ. "ಚಿಲಕ ತೆಗೀಬೇಡ," ಅಂದಳು. ಅಮ್ಮ ಅಳುತ್ತಿದ್ದಾಳೆ. "ಅಳಿಯಂದ್ರು ಹೊರಗೆ ನಿಂತಿದಾರೆ ಕಣೇ, ತೆಗಿಯೇ, ಯಾರಾದ್ರೂ ನೋಡಿದ್ರೆ..." ಅನ್ನುತ್ತಾಳೆ. ಅಮ್ಮನೇ ಗೋಡೆ ಹಿಡಿಯದೆ ಎದ್ದು ಬಾಗಿಲ ಕಡೆ ನಡೆದಳು. ಕೈ ಚಿಲಕದ ಮೇಲಿದೆ. ನನ್ನ ಕಡೆ ತಿರುಗಿ ನೋಡುತ್ತಿದ್ದಾಳೆ. ಅವನು ಮತ್ತೆ ಬಡಿಯುತ್ತಿದ್ದಾನೆ. ನಾನು ಅಮ್ಮನ ಕೈ ಚಿಲಕದಿಂದ ಬಿಡಿಸಲು ಏಳುತ್ತಿದ್ದೇನೆ.